ಭಾವನ ದನಿ

ವಿಮಾನಪುರ
ಭಾನುವಾರ

ಚಿರಂಜೀವಿ ಜಯಂತನಿಗೆ ಅಕ್ಕನ ಆಶೀರ್ವಾದ.

ನೀನು ಕೊಟ್ಟ ದೊಡ್ಡ ಕಂಪ್ಯೂಟರ್‌ನಲ್ಲಿ ಇದ್ದದ್ದನ್ನೆಲ್ಲ ಅಳಿಸಿ ನಮ್ಮ ತನ್ಮಯಿ ಲಿನಕ್ಸ್ ಅನ್ನುವ ಹಗುರವಾದ ಆಪರೇಟಿಂಗ್ ಸಿಸ್ಟಮ್ ಹಾಕಿದ್ದಾಳೆ. ಅಷ್ಟು ಒಳ್ಳೆಯ ಮೆಷಿನ್ನಿಗೆ ಇಷ್ಟು ಸಾದಾ ಲಿನಕ್ಸ್ ಯಾಕೆಂದು ನೀನು ಕೇಳಿದೆಯಂತೆ. "ಅದರ ಶಕ್ತಿಯೆಲ್ಲ ಅಪ್ಪನ ದನಿಗೇ ಬೇಕಮ್ಮಾ, ಬೇರೇದಕ್ಕೆ ಖರ್ಚಾಗ್ಬಾರ್ದು" ಎನ್ನುತ್ತಾಳೆ.

ಗಂಟಲಿನ ಆಪರೇಷನ್ ಆದಮೇಲೆ ನಿನ್ನ ಭಾವ ಮಾತಾಡಿಲ್ಲವಲ್ಲ. ಕಾಲೊನಿಯ ರಾಜ್ಯೋತ್ಸವಗಳಲ್ಲಿ ಅವರು ಮಾಡಿದ ಭಾಷಣಗಳ ಹಳೆಯ ರೆಕಾರ್ಡಿಂಗ್ ಕೊಟ್ಟು, ಅವರ ದನಿಯನ್ನು ಕಂಪ್ಯೂಟರ್‌ಗೆ ಕಲಿಸಿದಳು. ನಿನ್ನೆ ಅವರು ಕೂತು ಏನೋ ಟೈಪ್ ಮಾಡಿದರು. "ವೇದಾ, ಕಾಫಿಗೆ ಸಕ್ಕರೆ ಜಾಸ್ತಿ ಆಯ್ತು ಕಣೇ" ಎಂದು ಅವರದೇ ದನಿ ಹೇಳಿತು. ಲೋಟ ತೆಗೆದುಕೊಂಡು ಅಡುಗೆಮನೆಗೆ ಹೋದವಳು ನಾನು ತುಂಬ ಹೊತ್ತು ಹೊರಗೆ ಬರಲಿಲ್ಲ.

ಆದರೆ ಸಕ್ಕರೆಯ ವಿಷಯವೂ ವೇದಿಕೆಯ ಭಾಷಣದಂತೆಯೇ ಕೇಳಿಸುತ್ತದೆ. ನಿನ್ನ ಮದುವೆಯ ವಿಡಿಯೊದಲ್ಲಿ ಅವರು ನಿನ್ನನ್ನು ರೇಗಿಸುತ್ತಾ ನಗುವುದಿದೆ. ತನ್ಮಯಿಗೆ ಅದು ಬೇಕಂತೆ. ಇಂದಿರಾನಗರದಿಂದ ಬರುವಾಗ ತಂದುಕೊಡು. ಈ ಸಲ ಬಂದ ತಕ್ಷಣ ನನ್ನ ಜೊತೆ ಅಡುಗೆಮನೆಯಲ್ಲಿ ಕೂರಬೇಡ. ಮೊದಲು ಅವರನ್ನು ಮಾತಾಡಿಸು. ಈಗ ಉತ್ತರ ಕೊಡುತ್ತಾರೆ.

ನಿನ್ನ ಅಕ್ಕ,
ವೇದಾ