ಮುನ್ನೂರೆಂಬತ್ತರ ಚಕ್ಕಡಿ

ಧಾರವಾಡ,
ತಾ. ೨೨-೮-೧೯೪೩, ರವಿವಾರ

ಪ್ರೀತಿಯ ಅಣ್ಣಾ,

ನಿನ್ನ ತಂಗಿ ಸುಹಾಸಿನಿಯ ನಮಸ್ಕಾರ. ಅವ್ವನ ಮೊಣಕಾಲು ನೋವು ಹೇಗಿದೆ? ಪುಣೆಯ ಮಳೆ ಅವಳಿಗೆ ಆಗುವುದಿಲ್ಲ. ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಬಿಸಿ ಮಾಡಿ ತಿಕ್ಕಲು ವೈನಿಗೆ ಹೇಳು. ಎಣ್ಣೆ ತುಟ್ಟಿಯೆಂದು ಅವ್ವ ಬೇಡವೆಂದಾಳು, ಕೇಳಬೇಡಿರಿ. ಮಕ್ಕಳ ಕೆಮ್ಮು ಇಳಿಯಿತೇ? ನಾನು ಆರಾಮ ಇದ್ದೇನೆ. ಊಟ ಮಾತ್ರ ಒಂದು ವಾರದಿಂದ ಸೇರುತ್ತಿಲ್ಲ.

ನಿನ್ನ ಕಾರ್ಡು ಗುರುವಾರ ಮುಟ್ಟಿತು. ನನ್ನ ಚಕ್ಕಡಿಗೆ ಐದುನೂರೈವತ್ತು ಕೊಡುವ ಲಷ್ಕರದ ಕಂತ್ರಾಟದಾರ ನಿನಗೆ ಗುರುತಿದ್ದಾನೆಂದೂ, ನಾಲ್ಕು ತಿಂಗಳು ಓಡಿಸಿದ ಮೇಲೂ ಇಷ್ಟು ಲಾಭ ಬರುವುದು ನನ್ನ ಜಾಣತನವೆಂದೂ ಬರೆದಿದ್ದೀ. ನೀನು ಪ್ರೀತಿಯಿಂದಲೇ ಬರೆದೆ, ಗೊತ್ತು. ಆದರೆ ಆ ಜಾಣತನ ಎಂಬ ಶಬ್ದ ಓದಿದಾಗಿನಿಂದ ನಿನ್ನ ಮೇಲೂ ನನ್ನ ಮೇಲೂ ಒಂದೇ ಸಮ ಸಿಟ್ಟು ಬಂದಿದೆ. ಆ ಚಕ್ಕಡಿ ನನ್ನ ಕೈಗೆ ಹೇಗೆ ಬಂತೆಂದು ನಾನು ನಿನಗೆ ಪೂರ್ತಿ ಹೇಳಿರಲಿಲ್ಲ. ಇಂದು ಹೇಳುತ್ತೇನೆ.

ಹಳ್ಳಿ ಸುತ್ತಿ ಹೆರಿಗೆ ಮಾಡಿಸುವ ನನ್ನ ನೌಕರಿ ನಿನಗೆ ತಿಳಿದದ್ದೇ. ಕೂಸು ಕೈಗೆ ಬರುವವರೆಗೆ ನಾನು ದೇವರು. ಬಂದ ಮೇಲೆ ಮೈಲಿಗೆಯ ವಿಧವೆ, ಒಳಗೆ ಮಲಗೆಂದು ಯಾರೂ ಅನ್ನುವುದಿಲ್ಲ. ಚಾವಡಿಯ ಕಟ್ಟೆಯ ಮೇಲೆ, ದನದ ಕೊಟ್ಟಿಗೆಯ ಬದಿಗೆ ಎಷ್ಟು ಸಲ ಮಲಗಿದ್ದೇನೋ ಲೆಕ್ಕವಿಲ್ಲ. ಅದಕ್ಕೇ ಒಂದು ಕಮಾನಿನ ಚಕ್ಕಡಿ ಮಾಡಿಸಬೇಕೆಂಬ ಆಸೆ. ಒಳಗೆ ಕಾಲು ಚಾಚಿ ಮಲಗುವಷ್ಟು ಹಲಗೆ, ಔಷಧಕ್ಕೊಂದು ಸಣ್ಣ ಕಪಾಟು, ಮೇಲೆ ಮಳೆ ತಡೆಯುವ ತಾಡಪತ್ರಿ. ಹೋದ ದಸರೆಗೆ ಹುಬ್ಬಳ್ಳಿಯ ಬಡಿಗ ಬಾಬುಸಾಬ ಅಂಥದ್ದಕ್ಕೆ ನೂರಾ ಅರವತ್ತು ಹೇಳಿದ. ನಾನು ದುಡ್ಡು ಕೂಡಿಸುವಷ್ಟರಲ್ಲಿ ಸಂಕ್ರಾಂತಿ ಬಂತು, ಇನ್ನೂರಾ ಐವತ್ತಾಯಿತು. ಯುದ್ಧದಿಂದಾಗಿ ಪೆಟ್ರೋಲ್ ಇಲ್ಲದೆ ಮೋಟಾರುಗಳು ನಿಂತ ಮೇಲೆ ಶೇಂಗಾ ವ್ಯಾಪಾರದವರಿಗೂ ಚಕ್ಕಡಿಯೇ ಬೇಕಾಯಿತು. "ಸಾಗವಾನಿ ನೋಡಾಕೂ ಸಿಗವಲ್ದು ಬಾಯಾರ. ಗಾಲಿ ಹಳಿಗೆ ಕಬ್ಬಿಣ ಕೇಳಿದ್ರ ಪರ್ಮಿಟ್ ತೋರ್ಸ್ರಿ ಅಂತಾರ" ಎಂದು ಬಾಬುಸಾಬ ಕೈ ಚೆಲ್ಲಿದ. ಮುರಿದ ಬಂಡಿಗಳ ಹಳಿ ಕಿತ್ತು ಹೊಸ ಗಾಲಿಗೆ ಕೂಡಿಸುತ್ತಿದ್ದ. ಸಿದ್ಧವಾದದ್ದನ್ನೆಲ್ಲ ಲಷ್ಕರದ ಕಂತ್ರಾಟದಾರರು ಕೇಳಿದ ಬೆಲೆ ಕೊಟ್ಟು ಎಳೆದೊಯ್ಯುತ್ತಿದ್ದರು. ಆಗಲೇ ನೀನು ಬರೆದದ್ದು ನೆನಪಿದೆಯೇ? "ಏರುವ ಬೆಲೆಯ ಮುಂದೆ ಮರ್ಯಾದೆ ನೋಡುತ್ತ ನಿಂತವರಿಗೆ ಏನೂ ಸಿಗುವುದಿಲ್ಲ. ಮೇಲೆ ನಾಲ್ಕು ರೂಪಾಯಿ ಚೆಲ್ಲಿ ಕೈ ಹಾಕು." ನಮ್ಮ ಯಜಮಾನರು ತೀರಿದ ಮೇಲೆ ಪೆಟ್ಟಿಗೆಯಲ್ಲಿ ಉಳಿದಿದ್ದ ಚಿನ್ನದ ಪಾಟಲಿ ಬಳೆಗಳನ್ನು ಆ ವಾರವೇ ಮಾರಿದೆ.

ಯುಗಾದಿಯ ಮುಂದೆ ಬಾಬುಸಾಬನ ಅಂಗಳದಲ್ಲಿ ಉಳಿದಿದ್ದದ್ದು ಒಂದೇ ಚಕ್ಕಡಿ. ಅದು ಶಿದ್ದಪ್ಪನಿಗೆಂದು ಮಾತಾಗಿತ್ತು. ಶಿದ್ದಪ್ಪನ ಬಗ್ಗೆ ನಿನಗೆ ಬರೆದಿದ್ದೇನೆ, ಆರು ವರ್ಷ ನನ್ನನ್ನು ಬಾಡಿಗೆಯ ಮೇಲೆ ಹಳ್ಳಿಹಳ್ಳಿಗೆ ಕರೆದೊಯ್ದವನು. ತುಪ್ಪರಿಹಳ್ಳಕ್ಕೆ ನೀರು ಬಂದಾಗ ನನ್ನ ಔಷಧದ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ದಾಟಿಸಿದವನು. ಫಾಲ್ಗುಣದಲ್ಲಿ ಅವನ ಹಳೆಯ ಬಂಡಿಯ ಅಚ್ಚು ಮುರಿದು, ಒಂದು ಗಾಲಿ ಪುಡಿಪುಡಿಯಾಗಿತ್ತು. "ಶಿದ್ದಪ್ಪಗ ಮಾತ ಕೊಟ್ಟೇನ್ರಿ. ಮುನ್ನೂರಾ ಇಪ್ಪತ್ತಕ್ಕ ಮುಗದೈತಿ. ರೊಕ್ಕ ತರಾಕ ಊರಿಗೆ ಹೋಗ್ಯಾನ, ನಾಡದು ಬರ್ತಾನ" ಎಂದ ಬಾಬುಸಾಬ. ನಾನು ಸೆರಗಿನ ಗಂಟು ಬಿಚ್ಚಿದೆ ಅಣ್ಣಾ. ಉಜ್ಜಿದ ಹಲಗೆಯ ಮೇಲೆ ಮುನ್ನೂರಾ ಎಂಬತ್ತು ಇಟ್ಟೆ. ಅವನು ಕೈಯಲ್ಲಿದ್ದ ಕೀಸುಳಿ ಕೆಳಗಿಟ್ಟ. ಆಮೇಲೆ, "ನಮ್ಮ ಮನ್ಯಾಗೂ ಜ್ವಾಳ ತುಟ್ಟಿ ಆಗೇತ್ರಿ ಬಾಯಾರ" ಎಂದು ತಲೆ ಎತ್ತದೆ ನೋಟು ತೆಗೆದುಕೊಂಡ. ಅವನನ್ನು ನಾನು ಬೈಯಲಾರೆ. ನನ್ನ ಕೆಲಸ ಪುಣ್ಯದ್ದು, ನನಗೆ ಸಿಕ್ಕರೆ ಹತ್ತು ಜೀವ ಉಳಿಯುತ್ತವೆ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡು ಬಂದೆ. ಪುಣ್ಯದ ನೆವ ಇದ್ದರೆ ಎಂಥ ಕೆಲಸವೂ ಸಲೀಸು.

ಮೂರನೆಯ ದಿನ ಶಿದ್ದಪ್ಪ ನಮ್ಮ ಮನೆಗೆ ಬಂದ. ಒಳಗೆ ಬಾ ಎಂದರೆ ಬರಲಿಲ್ಲ. ಅಂಗಳದಲ್ಲಿ ನಿಂತಿದ್ದ ಚಕ್ಕಡಿಯ ಗಾಲಿಯ ಮೇಲೆ ಕೈಯಾಡಿಸಿ, "ಆರು ವರ್ಷ ನಿಮ್ಮನ್ನ ಕರಕೊಂಡು ತಿರಗೇನ್ರಿ. ಒಂದ ಮಾತ ಕೇಳಿದ್ರ ನಾನ ಬಿಟ್ಟಕೊಡ್ತಿದ್ನಲ್ರಿ" ಎಂದ. ಹೌದು, ಬಿಟ್ಟುಕೊಡುತ್ತಿದ್ದ. ಅದು ನನಗೆ ಗೊತ್ತಿದ್ದೇ ನಾನು ಕೇಳಿರಲಿಲ್ಲ, ಕೇಳಿದ್ದರೆ ಅವನ ಋಣ ನನ್ನ ಮೇಲೆ ಬೀಳುತ್ತಿತ್ತು. ಅವಸರದಲ್ಲಿ ನನಗೊಂದು ಉಪಾಯ ಹೊಳೆಯಿತು. "ಎತ್ತು ನಿನ್ನವು, ಚಕ್ಕಡಿ ನಂದು. ನೀನ ಹೊಡಿ, ತಿಂಗಳಿಗೆ ಪಗಾರ ಕೊಡ್ತೀನಿ" ಎಂದೆ. "ಬಾಡಿಗಿ ಹೊಡ್ಯಾಂವ್ರಿ ನಾ. ಆಳಾಗಿ ಹೊಡ್ಯಾಂವಲ್ಲ" ಎಂದವನೇ ನಡೆದುಬಿಟ್ಟ. ಮೇವಿನ ಬೆಲೆಗೆ ಕೆಲಸವಿಲ್ಲದ ಎತ್ತು ಕಟ್ಟಿಕೊಂಡು ಎಷ್ಟು ದಿನ ಸಾಕಿಯಾನು? ವೈಶಾಖದಲ್ಲಿ ಜೋಡಿ ಮಾರಿ, ತನ್ನ ಊರು ಉಪ್ಪಿನಬೆಟಗೇರಿಗೆ ಹೋಗಿ ಕಂಡವರ ಹೊಲಕ್ಕೆ ಕೂಲಿ ಹೋಗತೊಡಗಿದನೆಂದು ಸುದ್ದಿ ಬಂತು. ನಾನು ಗುಲಾಬಸಾಬನೆಂಬವನ ಎತ್ತುಗಳನ್ನು ಬಾಡಿಗೆಗೆ ಹಿಡಿದು ತಿರುಗಿದೆ. ಹಲಗೆಯ ಮೇಲೆ ಮೊದಲ ರಾತ್ರಿ ನಿದ್ದೆ ಚೆನ್ನಾಗಿಯೇ ಹತ್ತಿತು. ಸುಳ್ಳು ಯಾಕೆ ಹೇಳಲಿ?

ಹೋದ ಸೋಮವಾರ ಉಪ್ಪಿನಬೆಟಗೇರಿಗೆ ಹೋಗಿದ್ದೆ. ಶಿದ್ದಪ್ಪನ ಸೊಸೆ ಫಕೀರವ್ವ ಎರಡು ದಿನದಿಂದ ಬೇನೆ ತಿನ್ನುತ್ತಿದ್ದಾಳೆಂದು ಬಾವಿಯ ಹತ್ತಿರ ಹೆಂಗಸರು ಹೇಳಿದರು. ಚೊಚ್ಚಲ ಹೆರಿಗೆ. ಗಂಡ ಲಷ್ಕರಕ್ಕೆ ಸೇರಿ ಯಾವ ದೇಶದಲ್ಲಿದ್ದಾನೋ ತಿಳಿಯದು, ಅತ್ತೆ ಎಂದೋ ಸತ್ತಿದ್ದಾಳೆ. ನಾನು ಚಕ್ಕಡಿಯನ್ನು ನೇರ ಅವರ ಮನೆಯ ಮುಂದೆ ನಿಲ್ಲಿಸಿದೆ. ಕಟ್ಟೆಯ ಮೇಲೆ ಕೂತಿದ್ದ ಶಿದ್ದಪ್ಪ ಎದ್ದು ಬಾಗಿಲಿಗೆ ಅಡ್ಡ ನಿಂತ. "ಈ ಚಕ್ಕಡಿ ನಮ್ಮ ಮನಿ ಮುಂದ ನಿಲ್ಲಬ್ಯಾಡ್ರಿ. ಹೋಗ್ರಿ." "ಸಿಟ್ಟು ಆಮ್ಯಾಲೆ ಮಾಡು ಶಿದ್ದಪ್ಪಾ, ಮೊದಲ ಹುಡುಗೀನ್ನ ನೋಡ್ತೀನಿ" ಎಂದೆ. "ಸೂಲಗಿತ್ತಿ ಅದಾಳ" ಎಂದ. ಅವನನ್ನು ತಳ್ಳಿ ಒಳಗೆ ಹೋಗಬೇಕಿತ್ತು. ಮೊದಲಿನ ಸುಹಾಸಿನಿಯಾಗಿದ್ದರೆ ಹೋಗುತ್ತಿದ್ದಳು, ಎಷ್ಟು ಗಂಡಸರನ್ನು ಬೈದು ಬಾಗಿಲಿನಿಂದ ಸರಿಸಿದವಳು ನಾನು! ಅವತ್ತು ಗಾಲಿ ಹಿಡಿದುಕೊಂಡು ಒಳಗಿನ ನರಳಾಟ ಕೇಳುತ್ತ ನಿಂತೆ. ಎರಡು ತಾಸಾದ ಮೇಲೆ ಸೂಲಗಿತ್ತಿ ಮೊಣಕೈಯವರೆಗೆ ರಕ್ತ ಮಾಡಿಕೊಂಡು ಹೊರಬಂದು ಅಳತೊಡಗಿದಳು. ಆಗ ಶಿದ್ದಪ್ಪ ನನ್ನ ಕಡೆ ನೋಡಿ, "ಬರ್ರಿ" ಎಂದ, ಅಷ್ಟೇ. ಕೂಸು ಅಡ್ಡ ತಿರುಗಿತ್ತು. ಅದನ್ನು ಹೇಗೋ ಜೀವಂತ ತೆಗೆದೆ. ಹೆಣ್ಣು. ತಾಯಿಯ ರಕ್ತ ಮಾತ್ರ ನಿಲ್ಲಿಸಲಾಗಲಿಲ್ಲ. ಎರಡು ತಾಸು ಮೊದಲು ಒಳಗೆ ಹೋಗಿದ್ದರೆ ಫಕೀರವ್ವ ಉಳಿಯುತ್ತಿದ್ದಳೆಂದು ನಾನು ಬಲ್ಲೆ, ಶಿದ್ದಪ್ಪನೂ ಬಲ್ಲ.

ಮಣ್ಣು ಮುಗಿದ ಮೇಲೆ, ಚಕ್ಕಡಿ ನೀನೇ ಇಟ್ಟುಕೋ ಎಂದು ಅವನಿಗೆ ಹೇಳಿದೆ. ಅವನು ಚಕ್ಕಡಿಯ ಕಡೆ ತಿರುಗಿಯೂ ನೋಡದೆ ಒಳಗೆ ಹೋದ. ಈಗ ಅದು ನಮ್ಮ ಅಂಗಳದಲ್ಲಿ ನೆನೆಯುತ್ತ ನಿಂತಿದೆ. ನಿನ್ನ ಕಂತ್ರಾಟದಾರನಿಗೆ ಇಲ್ಲವೆಂದು ಹೇಳು. ಮತ್ತೆ ಕೇಳಬೇಡ. ನೀನು ಕೊಟ್ಟದ್ದು ಬುದ್ಧಿವಾದ ಮಾತ್ರ. ದುಡ್ಡು ಇಟ್ಟದ್ದು ನನ್ನ ಕೈ. ಆದರೂ ಆ ಬುದ್ಧಿವಾದ ಎಷ್ಟು ಸಲೀಸಾಗಿ ನನ್ನೊಳಗೆ ಇಳಿಯಿತಲ್ಲ, ಅದೇ ನನಗೆ ಸಹಿಸಲಾಗದು.

ಅವ್ವನ ಪಾದಕ್ಕೆ ನಮಸ್ಕಾರ. ಅವಳಿಗೆ ಇದನ್ನು ಓದಿ ಹೇಳಬೇಡ. ವೈನಿಗೆ ನೆನಪುಗಳು, ಮಕ್ಕಳಿಗೆ ಮುತ್ತು.

ನಿನ್ನ ತಂಗಿ,
ಸುಹಾಸಿನಿ

ತಾ. ಕ. ಸೋಮವಾರ ಮುಂಜಾನೆ. ಪತ್ರ ಟಪಾಲಿಗೆ ಹಾಕಲು ಹೊರಟಿದ್ದೆ, ಬಾಗಿಲಲ್ಲಿ ಶಿದ್ದಪ್ಪ. ಅಷ್ಟು ದೂರ ಮಳೆಯಲ್ಲಿ ಕಂಬಳಿಯೊಳಗೆ ಕೂಸನ್ನು ಮುಚ್ಚಿಕೊಂಡು ನಡೆದು ಬಂದಿದ್ದಾನೆ. ಮೊಲೆಯೂಡುತ್ತಿದ್ದ ನೆರೆಯವಳಿಗೆ ಜ್ವರ ಬಂದು ಹಾಲು ಬತ್ತಿದೆಯಂತೆ. "ಸಿಟ್ಟು ನಂದ್ರಿ ಬಾಯಾರ, ಕೂಸಿಂದಲ್ಲ" ಎಂದು ನನ್ನ ಕೈಗೆ ಕೊಟ್ಟ. ಆಡಿನ ಹಾಲಿಗೆ ನೀರು ಬೆರೆಸಿ ಹತ್ತಿಯಿಂದ ಹಿಂಡುತ್ತಿದ್ದೇನೆ, ಅರ್ಧ ಕಕ್ಕುತ್ತದೆ. ಹಾಲಿನ ಪುಡಿಯ ಡಬ್ಬಿ ಇಲ್ಲಿಯೂ ಹುಬ್ಬಳ್ಳಿಯಲ್ಲಿಯೂ ತಿಂಗಳಿಂದ ಯಾವ ಅಂಗಡಿಯಲ್ಲೂ ಇಲ್ಲ. ಪುಣೆಯಲ್ಲಿ ಎಲ್ಲಿ ಸಿಕ್ಕರೂ ನಾಲ್ಕು ಡಬ್ಬಿ ತೆಗೆದುಕೊಂಡು, ಪಾರ್ಸಲ್ ಮಾಡದೆ, ರೈಲಿಗೆ ಹೊರಟವರ ಕೈಯಲ್ಲಿ ಅಂದೇ ಕಳಿಸು. ಬೇಗ ಅಣ್ಣಾ. ಶಿದ್ದಪ್ಪ ಇನ್ನೂ ಹೋಗಿಲ್ಲ. ಪಡಸಾಲೆಯಲ್ಲಿ ಕೂತು, ಕೂಸು ಅತ್ತಾಗಲೆಲ್ಲ ನನ್ನ ಮುಖ ನೋಡುತ್ತಾನೆ.