ಫಲಕದ ಮೇಲಿನ ಸೊನ್ನೆ

ಮಾರ್ಚ್ ೧೪, ಶುಕ್ರವಾರ

ಅಪ್ಪನಿಗೆ ಕಿರಿಮಗಳ ನಮಸ್ಕಾರ.

ಎರಡು ತಿಂಗಳಿಂದ ಕಾಗದವಿಲ್ಲ ಎಂದು ಬೈದುಕೊಂಡಿರುತ್ತೀರಿ. ತಪ್ಪು ನನ್ನದೇ. ಅಕ್ಕನ ಮನೆಯಲ್ಲಿ ಆರಾಮವೇ? ಈಗ ಕೋಲಿಲ್ಲದೆ ಓಡಾಡುತ್ತೀರಂತೆ, ಸಂತೋಷ. "ಡಿಪೋದವರು ಹೇಳಿದ ಹಾಗೆ ಬರೆದುಕೊಟ್ಟು ಕೆಲಸ ಉಳಿಸ್ಕೋ" ಎಂದು ಅಕ್ಕನ ಕೈಲಿ ಹೇಳಿಕಳಿಸಿದ್ದೀರಿ. ಅದಕ್ಕೇ ಈ ಉತ್ತರ: ಬರೆದುಕೊಡುವುದಿಲ್ಲ.

ನಡೆದದ್ದು ಇಷ್ಟು. ಮಂಗಳವಾರ ಮಧ್ಯಾಹ್ನ, ನೀವು ಓಡಿಸುತ್ತಿದ್ದ ಅದೇ ಔಷಧದ ವ್ಯಾನು. ಸೇತುವೆಯ ಮೇಲೆ ನನಗೆ ಕಣ್ಣು ಹತ್ತಿತು. ಎಚ್ಚರವಾದಾಗ ಎಡಗಡೆಯ ಕನ್ನಡಿ ಗೋಡೆಗೆ ಉಜ್ಜಿ ಕಿತ್ತುಹೋಗಿತ್ತು. ಗೇಣು ಮುಂದೆ ಸೈಕಲ್ಲಿನ ಹೆಂಗಸೊಬ್ಬಳು ಕಾಲೂರಿ ನಿಂತು ನನ್ನನ್ನೇ ನೋಡುತ್ತಿದ್ದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಡಿಪೋದಲ್ಲಿ ಸೂಪರ್‌ವೈಸರ್, "ನಿಲ್ಲಿಸಿದ್ದ ಗಾಡಿಗೆ ಯಾರೋ ತಾಗಿಸಿಕೊಂಡು ಹೋದ್ರು ಅಂತ ಬರಿ. ಗೇಟಿನ ಫಲಕ ನೋಡು, ಅಪಘಾತವಿಲ್ಲದೆ ಇನ್ನೂರ ತೊಂಬತ್ತೆಂಟು ದಿನ. ಮುನ್ನೂರಾದ್ರೆ ಎಲ್ಲರಿಗೂ ರಜೆ" ಎಂದರು. ನಾನು ಬರೆದೆ: ಆರು ದಿನದಿಂದ ದಿನಕ್ಕೆ ಹದಿಮೂರು ಗಂಟೆ ಓಡಿಸಿದ್ದೇನೆ, ನಿದ್ದೆ ಬಂತು, ತಪ್ಪು ನನ್ನದು, ನನಗೆ ಅಷ್ಟು ಗಂಟೆ ಹಾಕಿದವರದ್ದೂ ಹೌದು. ಆಮೇಲೆ ಸೀಮೆಸುಣ್ಣ ಹಿಡಿದು ಫಲಕದ ಮೇಲೆ ಸೊನ್ನೆಯನ್ನೂ ನಾನೇ ಬರೆದೆ.

ರಜೆ ಹೋಯಿತಲ್ಲ, ಯಾರೂ ಮಾತಾಡಿಸುವುದಿಲ್ಲ. ನಿಮ್ಮ ಹಳೇ ಜೊತೆಗಾರ ಹಾರ್ನ್ ಮಾಮ ಮಾತ್ರ, "ಏನಮ್ಮ, ನಿನ್ನ ಬಾಯಿಗೆ ಬ್ರೇಕೇ ಇಲ್ವಾ?" ಎಂದರು.

"ಬಾಯಿಗೆ ಯಾಕೆ ಮಾಮ, ಗಾಡಿಗಿದ್ರೆ ಸಾಕು" ಎಂದೆ.

ನಗಲಿಲ್ಲ. ಹೋಗುವಾಗ ದನಿ ತಗ್ಗಿಸಿ, "ಆ ಸೇತುವೆ ಮೇಲೆ ನಾನೂ ಎರಡು ಸಲ ತೂಕಡಿಸಿದ್ದೀನಿ ಕಣೇ" ಎಂದರು.

"ಹಾಗಾದ್ರೆ ಬರೆದುಕೊಡಿ."

"ಹುಚ್ಚು ಹುಡುಗಿ" ಎಂದು ಹೊರಟೇಹೋದರು.

ಈಗ ಕೀಲಿ ಕಿತ್ತುಕೊಂಡು, ಪೆಟ್ಟಿಗೆಗಳಿಗೆ ಚೀಟಿ ಅಂಟಿಸಲು ಕೂರಿಸಿದ್ದಾರೆ. ಸೋಮವಾರದೊಳಗೆ ತಿದ್ದಿ ಬರೆಯದಿದ್ದರೆ ಮನೆಗೆ ಕಳಿಸುತ್ತಾರಂತೆ. ಕಳಿಸಲಿ. ಇವತ್ತು ಹೋಗಿ, ಬರೆದದ್ದರ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ಇನ್ನು ಮುಂದೆ ದಿನಕ್ಕೆ ಒಂಬತ್ತು ಗಂಟೆ ದಾಟಿ ಓಡಿಸುವುದಿಲ್ಲ.

ಕಾಲು ಜೋಪಾನ. ಅಕ್ಕನ ಮಗುವಿಗೆ ಮುತ್ತು. ನಿಮ್ಮ ಆಶೀರ್ವಾದ ಬೇಕು; ಕೋಪವಿದ್ದರೆ ಕೋಪದ ಜೊತೆಗೇ ಕಳಿಸಿ.

ನಿಮ್ಮ
ಮೊಂಡಿ

ಇದನ್ನು ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಕೆಲವು ವರ್ಷದ ಹಿಂದೆ, ನಾನಿನ್ನೂ ಶಾಲೆಯಲ್ಲಿದ್ದಾಗ, ವ್ಯಾನು ಮಗುಚಿ ನಿಮ್ಮ ಕಾಲು ಮುರಿಯಿತಲ್ಲ, ಆಗ "ಬಚ್ಚಲಲ್ಲಿ ಜಾರಿ ಬಿದ್ದೆ" ಎಂದು ನಿಮ್ಮ ಹೆಸರಲ್ಲಿ ಬರೆದವಳು ನಾನು. ಸೂಪರ್‌ವೈಸರ್ ಹೇಳುತ್ತಾ ಹೋದರು, ನೀವು ಹಾಸಿಗೆಯಲ್ಲೇ ತಲೆಯಾಡಿಸಿದಿರಿ. "ಮಗಳ ಅಕ್ಷರ ಎಷ್ಟು ದುಂಡಗಿದೆ" ಎಂದು ಅವರು ಹೊಗಳಿದರು. ಮರುದಿನದಿಂದ ತರಗತಿಯಲ್ಲಿ ಪೆನ್ನು ಹಿಡಿದಾಗಲೆಲ್ಲ ಆ ಸಾಲೇ ಕಣ್ಣಿಗೆ ಕಟ್ಟುತ್ತಿತ್ತು. ನಾನು ಶಾಲೆ ಬಿಟ್ಟದ್ದು, ನೀವಂದುಕೊಂಡ ಹಾಗೆ, ಗಣಿತಕ್ಕೆ ಹೆದರಿ ಅಲ್ಲ ಅಪ್ಪ.