ಅವ್ವ ‘ತಗಿ’ ಅಂದಳು

ಅಪ್ಪಾಜಿ,

ಈ ಕಾಗದ ನಿಮಗೆ ಮುಟ್ಟಿದ್ದರೆ ಮೊದಲು ನನ್ನ ಕಾಗುಣಿತ ತಿದ್ದುತ್ತಿದ್ದಿರಿ, ಆಮೇಲೆ ಸುದ್ದಿ ಓದುತ್ತಿದ್ದಿರಿ. ಮುಟ್ಟುವುದಿಲ್ಲವಲ್ಲ, ಹಾಗಾಗಿ ತಪ್ಪಿಗೆ ಹೆದರದೆ ಬರೆಯುತ್ತಿದ್ದೇನೆ. ನಾಶಿಕದ ಪಂಚವಟಿಯ ಮನೆಯ ಕಂಪ್ಯೂಟರಿನಲ್ಲಿ ನೀವು ಹಾಕಿಸಿದ್ದ ಬ್ರೌಸರ್ ಹೋಯಿತು. ಅದರ ಸಂಗಡ, ನೀವು ಔರಂಗಾಬಾದಿನಿಂದ ಅವ್ವನಿಗೆ ಕಳಿಸಿದ ಮೇಲ್‌ಗಳೂ ಹೋದವು.

ಕಂಪ್ಯೂಟರ್ ಮನೆಗೆ ಬಂದ ದಿನ ಎದುರುಮನೆಯ ಕಾಕಾ ಬಂದು ಕೂತು, ಯಾರ ಮನೆಯಲ್ಲೂ ಇಲ್ಲದ ಈ ಲಿನಕ್ಸ್ ನಿಮಗೇಕೆ ಎಂದು ಕೇಳಿದ್ದರು, ನೆನಪಿದೆಯೇ? ಅವರಿಗೆ ಮರಾಠಿಯಲ್ಲಿ ಏನೋ ಹೇಳಿ ಕಳಿಸಿ, ನಮಗೆ ಮಾತ್ರ ನಿಜ ಹೇಳಿದಿರಿ: “ಪುಕ್ಕಟೆ ಐತಿ ಅಂತ ಅಲ್ಲ. ಇದರಾಗ ಕನ್ನಡದ ಒತ್ತಕ್ಷರ ಮುರಿಯೂದಿಲ್ಲ.” ಬ್ಯಾಂಕಿನಲ್ಲಿ ಇಡೀ ದಿನ ಹಿಂದಿ, ಮರಾಠಿ ಮಾತಾಡಿ ಬರುತ್ತಿದ್ದ ನಿಮಗೆ ಒಂದು ಒತ್ತಕ್ಷರದ ಮೇಲೆ ಅಷ್ಟು ಕಕ್ಕುಲಾತಿ ಯಾಕೆಂದು ಆಗ ನನಗೆ ಅರ್ಥವಾಗಿರಲಿಲ್ಲ. ತಮ್ಮ ಸಂತೂನ ಡಿಪ್ಲೊಮಾಕ್ಕಾಗಿ ನಮ್ಮನ್ನು ನಾಶಿಕದಲ್ಲೇ ಬಿಟ್ಟು ನೀವೊಬ್ಬರೇ ಔರಂಗಾಬಾದಿಗೆ ವರ್ಗವಾಗಿ ಹೋದ ಮೇಲೆ ಸ್ವಲ್ಪ ಆಯಿತು.

ಆ ಬ್ರೌಸರ್ ಹಾಕಿಸಿದ್ದು ಫೋನಿನಲ್ಲಿ. ಪರದೆಯಲ್ಲಿ ಆಜ್ಞೆ ಹೊಡೆಯುವ ಕಪ್ಪು ಕಿಟಕಿಯ ಮುಂದೆ ಸಂತೂ, ನಮ್ಮಿಬ್ಬರ ಕಿವಿಯ ನಡುವೆ ರಿಸೀವರ್ ಹಿಡಿದುಕೊಂಡು ನಾನು, ಆ ಕಡೆ ನೀವು. “ಸೊಲ್ಲಾಪುರದ ಎಸ್, ಉದಗೀರದ ಯು, ಧಾರವಾಡದ ಡಿ, ಓಝರದ ಓ. ಈಗ ಜಾಗಾ ಬಿಡು.” ಕಂಪ್ಯೂಟರಿನ ಪಾಸ್‌ವರ್ಡ್ ಹೊಡೆಯುವಾಗ ಪರದೆಯ ಮೇಲೆ ಏನೂ ಮೂಡದೆ ಸಂತೂ ಕೈ ತೆಗೆದುಬಿಟ್ಟ. “ಕಾಣೂದಿಲ್ಲಪಾ, ಆದ್ರ ಬೀಳತೈತಿ, ಹೊಡಿ,” ಎಂದಿರಿ. ನೀವು ಹೇಳಿದ್ದೆಲ್ಲ ಕನ್ನಡದಲ್ಲಿ, ಅವನ ಉತ್ತರವೆಲ್ಲ ಮರಾಠಿಯಲ್ಲಿ. ಆದರೂ ಕೆಲಸ ಆಯಿತು, ಮತ್ತೆ ಆಗದೇ ಇರಲು ಏನಿತ್ತು?

ಅದಾದ ಮೇಲೆ ನಾಲ್ಕು ದಿನದ ರಜೆಗೆ ಬಂದಾಗ ಅವ್ವನ ಹೆಸರಿನಲ್ಲಿ ಮೇಲ್ ಖಾತೆ ತೆರೆದಿರಿ. ಪಾಸ್‌ವರ್ಡ್ ಏನು ಎಂದು ಅವಳು ಕೇಳಿದ್ದಕ್ಕೆ, “ನೆನಪಿಡಾಕ ಬ್ರೌಸರ್ ಐತಿ, ನೀ ಯಾಕ ತಲಿ ಕೆಡಿಸ್ಕೋತಿ?” ಎಂದು ನಕ್ಕಿರಿ. ನೀವು ಮರಳಿ ಹೋದ ಮೇಲೆ ಮೇಲ್‌ನಲ್ಲಿ ಫೋಟೋಗಳು ಬರತೊಡಗಿದವು. ನೀವು ತಟ್ಟಿದ ದಪ್ಪ ದಪ್ಪ ಜೋಳದ ಭಕ್ರಿ, ಬಾಡಿಗೆ ಖೋಲಿಯ ಕಿಟಕಿ, ಒಮ್ಮೆ ಬ್ಯಾಂಕಿನ ಕೆಲಸಕ್ಕೆ ಗಂಗಾಪುರಕ್ಕೆ ಹೋದಾಗ ಕಂಡ ಹತ್ತಿಯ ಹೊಲ. ಕೆಳಗೆ ಎರಡು ಸಾಲು ಕನ್ನಡ. ಅವ್ವ ಅದನ್ನು ಒಳಗೊಳಗೇ ಓದುತ್ತಿರಲಿಲ್ಲ, ಎಲ್ಲರಿಗೂ ಕೇಳುವಂತೆ ಓದುತ್ತಿದ್ದಳು.

ನೀವು ಹೋದ ಸುದ್ದಿ ಬಂದದ್ದೂ ಔರಂಗಾಬಾದಿನಿಂದಲೇ, ಫೋನಿನಲ್ಲಿ. ಅದರ ಬಗ್ಗೆ ಬರೆಯಲಾರೆ, ನಿಮಗೆ ಗೊತ್ತಿರುವುದೇ... ಆಮೇಲೆ ಅವ್ವ ದಿನಾ ಸಂಜೆ ದೀಪ ಹಚ್ಚಿದ ಮೇಲೆ ಕಂಪ್ಯೂಟರಿನ ಮುಂದೆ ಕೂರುವಳು. “ಬ್ರೌಸರ್ ತಗೀ ಒಂದೀಟು,” ಎನ್ನುವಳು, ನಾನು ತೆರೆಯುತ್ತಿದ್ದೆ. ಹಳೆಯ ಭಕ್ರಿಯನ್ನೇ ನೋಡಿ, “ಅಂಚು ಸೀದೈತಿ ನೋಡು,” ಎಂದು ನಿಮ್ಮನ್ನು ಬಯ್ಯುವಳು. ಗಂಡ ಹೋದ ಮೇಲೂ ಬಯ್ಯಲು ಒಂದು ಭಕ್ರಿ ಉಳಿದಿರುವುದು ಸಣ್ಣ ಮಾತೇ?

ಕಳೆದ ತಿಂಗಳು ಒಂದು ಸಂಜೆ ನಾನು ಅಂಬಡ್‌ನ ಆಫೀಸಿನಿಂದ ಬರುವುದು ತಡವಾಯಿತು. ಬ್ರೌಸರ್ ಹಳೆಯದಾಯಿತು, ಹೊಸದು ಹಾಕಿರಿ ಎಂದು ಮೇಲ್‌ನವರು ಬಹಳ ದಿನದಿಂದ ಪರದೆಯ ಮೇಲೆ ಗೊಣಗುತ್ತಿದ್ದರು. ಅವ್ವ ಸಂತೂನಿಗೆ, “ಅಪ್ಪಾಜೀದು ಬ್ರೌಸರ್ ತಗಿಯಪಾ,” ಎಂದಳು. ನಮಗೆ ಬಾಗಿಲು ತೆರೆಯುವುದೂ ತಗಿಯುವುದೇ, ಕಸ ಎತ್ತಿ ಹಾಕುವುದೂ ತಗಿಯುವುದೇ. ನಾಶಿಕದಲ್ಲಿ ಬೆಳೆದ ಸಂತೂನ ತಲೆಯಲ್ಲಿ ‘ತಗಿ’ ಎಂದರೆ ಮರಾಠಿಯ ‘ಕಾಢ್’ ಮಾತ್ರ, ತೆಗೆದುಹಾಕು. ಹಳೆಯದು ಹೋಗಲಿ, ಹೊಸದು ಬರಲಿ ಎನ್ನುತ್ತಿದ್ದಾಳೆ ಎಂದುಕೊಂಡ. ನೀವು ಕಲಿಸಿದ ಹುಡುಗನಲ್ಲವೇ, ಅರ್ಧ ಕೆಲಸ ಮಾಡಲಿಲ್ಲ. ಬ್ರೌಸರನ್ನೂ ಅಳಿಸಿದ, ಅದು ನೆನಪಿಟ್ಟುಕೊಂಡದ್ದೆಲ್ಲ ಇದ್ದ ಫೋಲ್ಡರನ್ನೂ ಹುಡುಕಿ ಅಳಿಸಿದ.

ನಾನು ಬಂದಾಗ ಹೊಸ ಬ್ರೌಸರ್ ಇಳಿಯುತ್ತಿತ್ತು. ಸಾಲುಗಳು ಸರಸರ ಓಡಿದವು, ಎಲ್ಲೂ ತಡೆಯಲಿಲ್ಲ. ಅಷ್ಟು ಚೆಂದಾಗಿ ಅದು ಎಂದೂ ಇಳಿದಿರಲಿಲ್ಲ, ಅಪ್ಪಾಜಿ. ತೆರೆದರೆ ಪಾಸ್‌ವರ್ಡ್ ಕೇಳಿತು. ನಿಮ್ಮ ಊರು, ಅವ್ವನ ತವರು, ನಮ್ಮಿಬ್ಬರ ಹೆಸರು, ಮನೆದೇವರು, ಎಲ್ಲ ಹೊಡೆದು ನೋಡಿದೆವು. ಮರೆತಿದ್ದರೆ ಮೊಬೈಲಿಗೆ ಅಂಕಿ ಕಳಿಸುತ್ತೇನೆ ಎಂದಿತು. ಆ ಮೊಬೈಲ್ ನಿಮ್ಮದು. ಸಿಮ್ ಎಂದೋ ಬಂದ್ ಆಗಿದೆ ಎಂದು ಗೊತ್ತಿದ್ದೂ ಫೋನ್ ಹಚ್ಚಿದೆ. ಈ ನಂಬರ್ ಅಸ್ತಿತ್ವದಲ್ಲಿಲ್ಲ ಎಂದು ಒಬ್ಬ ಹೆಂಗಸು ಮರಾಠಿಯಲ್ಲಿ ಬಹಳ ಮರ್ಯಾದೆಯಿಂದ ಹೇಳಿದಳು. ಮೇಲ್‌ನವರಿಗೆ ಅರ್ಜಿ ಬರೆದೆ. ಖಾತೆ ನಮ್ಮದೇ ಎಂದು ಖಾತ್ರಿಯಾಗಲಿಲ್ಲ ಎಂದು ಉತ್ತರ ಬಂತು. ಇನ್ನೊಮ್ಮೆ ಬರೆದೆ, ಅದೇ ಉತ್ತರ. ಮುಂದೆ ಏನು ಮಾಡಬೇಕೋ ನಿಮ್ಮನ್ನೇ ಕೇಳಬೇಕಿತ್ತು.

ಅವತ್ತು ಅವ್ವ ಪಾಸ್‌ವರ್ಡ್ ಕೇಳುವ ಆ ಬಿಳಿ ಪುಟವನ್ನು ನೋಡಿದಳು. “ತಗದೈತಲ್ಲ. ಮತ್ತ ಅವರೆಲ್ಲಿ?” ಎಂದಳು. ಸಂತೂ ಅವಳ ಕಾಲ ಹತ್ತಿರ ಕೂತು ತನ್ನ ಮುರುಕು ಕನ್ನಡದಲ್ಲಿ, “ಅವ್ವಾ, ನನಗ ತಿಳೀಲಿಲ್ಲ, ನಾ ತಗದೆ...” ಎಂದವನು ಮುಂದಿನ ಶಬ್ದ ಸಿಗದೆ ಅತ್ತ.

ಹುಡುಗರು ಯಾವ ಭಾಷೆಯಲ್ಲಿ ಉತ್ತರ ಕೊಟ್ಟರೂ ನೀನು ಕನ್ನಡ ಬಿಡಬ್ಯಾಡ ಎಂದು ನೀವು ಅವಳಿಗೆ ಹೇಳಿದ್ದಿರಿ, ಅವಳು ಒಂದು ದಿನವೂ ಬಿಟ್ಟಿರಲಿಲ್ಲ. ಆ ಸಂಜೆ ಅವನ ತಲೆ ಸವರಿ, “ರಾಹೂ ದೇ ಬಾಳಾ, ಬಂದ್ ಕರ್,” ಎಂದಳು. ಇರಲಿ ಬಿಡು ಮಗನೇ, ಮುಚ್ಚು ಎಂದು, ಮರಾಠಿಯಲ್ಲಿ.

ನಿಮಗೆ ತಿಳಿಯದ ಸುದ್ದಿ ಇದೇ, ಅಪ್ಪಾಜಿ. ಅಂದಿನಿಂದ ಅವ್ವ ಸಂತೂನ ಸಂಗಡ ಕನ್ನಡ ಮಾತಾಡಿಲ್ಲ. ಸಿಟ್ಟಿಗಲ್ಲ. ಇನ್ನೇನಾದರೂ ಅಳಿಸಿ ಹೋದೀತು ಎಂಬ ಹೆದರಿಕೆಗೆ.

ನಿಮ್ಮ ಮಗಳು